ಕರೆಂಟ್ ಹೋದಾಗ ಗಟ್ಟಿಯಾಗಿ ಓದಲು ಒಂದು ಕಥೆ ಹೇಳಿ

ಬನಹಟ್ಟಿ ಮಗ್ಗದವನು:

ಎಲ್ಲರಿಗೂ ನಮಸ್ಕಾರ. ನನ್ನದು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. ಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಆರು ಪವರ್‌ಲೂಮ್‌ಗಳಿವೆ. ಎರಡರ ಮೇಲೆ ನಾನೇ ನಿಲ್ಲುತ್ತೇನೆ, ಉಳಿದ ನಾಲ್ಕನ್ನು ಇಬ್ಬರು ನೋಡಿಕೊಳ್ಳುತ್ತಾರೆ. ಅವರಲ್ಲಿ ಒಬ್ಬರು ಅರವತ್ತೆಂಟರ ಮುತ್ಯಾ. ನಮ್ಮ ತಂದೆಯವರ ಕೈಮಗ್ಗದ ಕಾಲದಿಂದಲೂ ನಮ್ಮಲ್ಲೇ ಇದ್ದಾರೆ. ಇನ್ನೊಬ್ಬ ಪಿಯುಸಿಯಲ್ಲಿ ಇಂಗ್ಲಿಷ್ ಒಂದನ್ನೇ ಉಳಿಸಿಕೊಂಡಿರುವ ಹುಡುಗ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಲು ಪಕ್ಕದ ಓಣಿಯಿಂದ ಒಬ್ಬ ಅವ್ವ ಬರುತ್ತಾರೆ. ಮಗ್ಗ ನಡೆಯುವಷ್ಟು ಹೊತ್ತು ನಮ್ಮ ನಡುವೆ ಮಾತಿಲ್ಲ. ಲಾಳಿಯ ಸದ್ದಿನಲ್ಲಿ ಎಲ್ಲವೂ ಕೈಸನ್ನೆ. ಚಹಾ ಬೇಕೆಂದರೆ ಹೆಬ್ಬೆರಳು, ನೂಲು ಹರಿದರೆ ಎರಡು ಬೆರಳು, ಸಾಲ ಕೇಳಲು ಬಂದವರಿದ್ದರೆ ಹುಬ್ಬು.

ಕರೆಂಟ್ ಹೋದಾಗ ಮಾತ್ರ ನಮಗೆ ಕಿವಿ ಬರುತ್ತದೆ. ಆದರೆ ಆ ಹೊತ್ತಿನಲ್ಲಿ ಆಡುವ ಮಾತು ಚೆನ್ನಾಗಿರುವುದಿಲ್ಲ. ಕೂಲಿ ಸೀರೆಯ ಲೆಕ್ಕದಲ್ಲಿರುವುದರಿಂದ ಕರೆಂಟ್ ಹೋದರೆ ಕೂಲಿಯೂ ಹೋಗುತ್ತದೆ. ಮುತ್ಯಾ ಸರ್ಕಾರವನ್ನು ಬೈಯುತ್ತಿದ್ದರು, ಹುಡುಗ ಮೊಬೈಲಿನಲ್ಲಿ ಮುಖ ಹುದುಗಿಸುತ್ತಿದ್ದ, ಅವ್ವ ಸೊಸೆಯ ಸುದ್ದಿ ತೆಗೆಯುತ್ತಿದ್ದರು. ಹೋದ ಮಳೆಗಾಲದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಮಗ್ಗ ನಿಂತಾಗ ಬೇಸರಕ್ಕೆ ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಓದಿದೆ. ನನ್ನಷ್ಟಕ್ಕೆ ಓದುತ್ತಿದ್ದವನಿಗೆ ಮುತ್ಯಾ, “ಬಾಯಿ ಬಿಟ್ಟು ಓದು, ನಮಗೂ ಕೇಳಲಿ” ಎಂದರು.

ಮೊಮ್ಮಗನಿಗೆ ಸೊಸೆ ಹೊಡೆದಳೆಂದು ಮಂಗಮ್ಮ ಜಗಳವಾಡಿ ಬೇರೆ ಒಲೆ ಹೂಡುತ್ತಾಳಲ್ಲ, ಅಲ್ಲಿಗೆ ಬರುವಷ್ಟರಲ್ಲಿ ಶೆಡ್ಡು ಎರಡು ಪಕ್ಷವಾಗಿತ್ತು. ಮುತ್ಯಾ ಮಂಗಮ್ಮನ ಕಡೆ. ಕಂಡಿಕೆಯ ಅವ್ವ ತಾವೇ ಸೊಸೆಯೊಡನೆ ಮುನಿಸಿಕೊಂಡು ಬೇರೆ ಅಡುಗೆ ಮಾಡಿಕೊಳ್ಳುವವರು. ಮಂಗಮ್ಮನ ಕಡೆಗೇ ವಾಲುತ್ತಾರೆಂದು ನಾನು ಎಣಿಸಿದ್ದೆ. ಅವರು, “ಹೆತ್ತವಳು ತನ್ನ ಮಗನಿಗೆ ಒಂದು ಏಟು ಹಾಕಿದರೆ ಈಕೆಗೇನು?” ಎಂದುಬಿಟ್ಟರು. ಮೂರನೆಯ ದಿನ ಮಗ್ಗ ಶುರುವಾದ ಮೇಲೂ ಇಬ್ಬರೂ ಕೈಸನ್ನೆಯಲ್ಲಿಯೇ ಆ ಜಗಳ ಮುಂದುವರಿಸಿದರು.

ಎರಡನೆಯದು ತೇಜಸ್ವಿಯವರ ‘ತಬರನ ಕಥೆ’. ತಬರ ಪಿಂಚಣಿಗಾಗಿ ಅಲೆಯುವುದು, ಅತ್ತ ಹೆಂಡತಿಯ ಕಾಲು ಕೊಳೆಯುತ್ತ ಹೋಗುವುದು. ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಮುತ್ಯಾ, “ಅರ್ಜಿ ಕೊಟ್ಟಾಗ ಸಹಿ ಹಾಕಿಸಿಕೊಂಡ ನಕಲು ಇಟ್ಟುಕೊಂಡಿದ್ದನೇ?” ಎಂದು ಕೇಳಿದರು. ಮರುದಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ತಮ್ಮ ಮಾಸಾಶನದ ಕಾಗದಗಳನ್ನೆಲ್ಲ ತಂದು ನನ್ನ ಮುಂದೆ ಹರಡಿದರು. ಅವುಗಳಲ್ಲಿ ಒಂದಕ್ಕೂ ಸಹಿ ಇರಲಿಲ್ಲ.

ಮೂರನೆಯದರಲ್ಲಿ ನಾನು ಎಡವಿದೆ. ಅನಂತಮೂರ್ತಿಯವರ ‘ಕ್ಲಿಪ್ ಜಾಯಿಂಟ್’ ಎಂಬ ಹೆಸರು ನೋಡಿ ಯಾವುದೋ ಯಂತ್ರದ ಬಿಡಿಭಾಗದ ಕಥೆ ಇರಬೇಕು, ನಮ್ಮವರಿಗೆ ಹಿಡಿಸುತ್ತದೆ ಎಂದುಕೊಂಡೆ. ಮೊದಲೇ ಒಮ್ಮೆ ಓದಿ ನೋಡದೆ ಶುರು ಮಾಡಿದ್ದು ನನ್ನ ತಪ್ಪು. ಅದು ಇಂಗ್ಲೆಂಡಿನ ಕಥೆ, ಆ ಹೆಸರೋ ಅಲ್ಲಿನ ಒಂದು ಬಗೆಯ ರಾತ್ರಿ ಕ್ಲಬ್ಬಿನದು. ಅವ್ವನ ಎದುರು ಸಾಲು ನುಂಗುತ್ತ, ಪುಟ ಹಾರಿಸುತ್ತ ಬೆವೆತುಹೋದೆ. ಹುಡುಗ ನೂಲಿನ ಚೀಲಕ್ಕೆ ಮುಖ ಒತ್ತಿಕೊಂಡು ನಗುತ್ತಿದ್ದ. ಒಬ್ಬನೇ ಕುಳಿತು ಓದಿಕೊಂಡಾಗ ದೊಡ್ಡ ಕಥೆಯೆಂದು ನನಗೂ ಅನ್ನಿಸಿತು, ಆದರೆ ಶೆಡ್ಡಿನಲ್ಲಿ ಓದುವಂಥದ್ದಲ್ಲ.

ಈಗ ನನಗೆ ಬೇಕಾಗಿರುವುದು ಕಿವಿಯಲ್ಲಿ ನಡೆಯುವ ಕಥೆ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಮುಗಿಯಬೇಕು. ನನ್ನ ಓದಿಗೆ ಒಂದು ಪುಟಕ್ಕೆ ಮೂರು ನಿಮಿಷ ಹಿಡಿಯುತ್ತದೆ. ಬರೀ ಅಳಿಸುವುದು ಬೇಡ. ನೀತಿ ಹೇಳುವುದಂತೂ ಬೇಡವೇ ಬೇಡ. ಮುತ್ಯಾ ಎಳೆಯ ವಯಸ್ಸಿನಿಂದ ಶ್ರೀಕೃಷ್ಣ ಪಾರಿಜಾತ ಬಯಲಾಟ ನೋಡಿದವರು, ಕಥೆ ಅರ್ಧಕ್ಕೇ ನಿಂತಂತೆ ಮುಗಿದರೆ “ಮುಂದೆ?” ಎಂದು ನನ್ನ ಮುಖವನ್ನೇ ನೋಡುತ್ತಾರೆ. ದಯವಿಟ್ಟು ಐವತ್ತು ಹೆಸರುಗಳ ಪಟ್ಟಿ ಕಳುಹಿಸಬೇಡಿ. ನಿಮ್ಮ ತಲೆಯಿಂದ ಇಳಿಯದೆ ಕುಳಿತಿರುವ ಒಂದೋ ಎರಡೋ ಸಾಕು. ಯಾಕೆ ಕುಳಿತಿದೆ ಎಂದೂ ಬರೆಯಿರಿ.

ಟಿಳಕವಾಡಿ ಅಕ್ಕಾವರು:

ಕರೆಂಟ್ ಹೋದದ್ದಕ್ಕೆ ಸಂತೋಷಪಟ್ಟ ಬರಹವನ್ನು ಇದೇ ಮೊದಲು ಓದಿದ್ದು. ಬೆಳಗಾವಿಯ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದ್ದೇನೆ. ನನ್ನ ತರಗತಿಯಲ್ಲಿ ಅರ್ಧ ಮಕ್ಕಳ ಮನೆಮಾತು ಮರಾಠಿ. ಅವರಿಗೆ ಪಾಠದ ಕನ್ನಡ ಕಷ್ಟ, ಕಥೆಯ ಕನ್ನಡ ಸಲೀಸು. ಹಾಗಾಗಿ ಶನಿವಾರದ ಕೊನೆಯ ಅವಧಿಯಲ್ಲಿ ಗಟ್ಟಿಯಾಗಿ ಕಥೆ ಓದುತ್ತಿದ್ದೆ. ನಿಮ್ಮ ಶೆಡ್ಡಿಗೂ ನನ್ನ ತರಗತಿಗೂ ಬಹಳ ವ್ಯತ್ಯಾಸವಿಲ್ಲ, ನಿಮ್ಮ ಮುತ್ಯಾನಂಥವರು ಹಿಂದಿನ ಬೆಂಚಿನಲ್ಲಿ ನನಗೂ ಇದ್ದರು.

ಮಾಸ್ತಿಯವರು ಕಿವಿಗೆ ಒಗ್ಗುವುದು ಆಕಸ್ಮಿಕವಲ್ಲ. ಅವರು ಕಥೆ ಬರೆಯುವುದಿಲ್ಲ, ಎದುರಿಗೆ ಕುಳಿತವರಿಗೆ ಹೇಳುತ್ತಾರೆ. ‘ರಂಗನ ಮದುವೆ’ ಓದಿ ನೋಡಿ. ಹಳ್ಳಿಯಿಂದ ಬೆಂಗಳೂರಿಗೆ ಓದಲು ಹೋಗಿ ಬಂದ ಹುಡುಗ ಈಗಲೇ ಮದುವೆ ಬೇಡ ಎನ್ನುತ್ತಾನೆ, ಊರಿನ ಹಿರಿಯನೊಬ್ಬ ಶಾಸ್ತ್ರಿಗಳನ್ನು ಜೊತೆಗಿಟ್ಟುಕೊಂಡು ಅವನನ್ನು ಹಳ್ಳಕ್ಕೆ ಬೀಳಿಸುತ್ತಾನೆ. ಸುಮಾರು ನೂರು ವರ್ಷದ ಕಥೆಯಾದರೂ ನಗು ಇನ್ನೂ ಹಳಸಿಲ್ಲ. ಮಾಸ್ತಿಯವರ ಮೊದಲ ಸಂಕಲನ ‘ಕೆಲವು ಸಣ್ಣ ಕತೆಗಳು’ 1920ರಲ್ಲಿ ಬಂತು. ಅಂದ ಹಾಗೆ, ನಿಮ್ಮ ಬಾಗಲಕೋಟೆಯವರೇ ಆದ ಕೆರೂರ ವಾಸುದೇವಾಚಾರ್ಯರು ಅವರಿಗಿಂತ ಹಿರಿಯರು. 1866ರಲ್ಲಿ ಹುಟ್ಟಿ 1921ರಲ್ಲಿ ತೀರಿಕೊಂಡ ಈ ವಕೀಲರು ಕನ್ನಡದಲ್ಲಿ ಸಣ್ಣಕಥೆ ಇನ್ನೂ ತೊದಲುತ್ತಿದ್ದಾಗ ‘ಮಲ್ಲೇಶಿಯ ನಲ್ಲೆಯರು’ ಬರೆದರು. ಭಾಷೆ ಹಳೆಯದು, ನಿಮ್ಮ ಹುಡುಗ ಆಕಳಿಸಬಹುದು. ಮುತ್ಯಾ ಆಕಳಿಸಲಾರರು.

ನನ್ನ ತಲೆಯಿಂದ ಇಳಿಯದೆ ಕುಳಿತದ್ದು ಯಾವುದು ಎಂದಿರಿ. ಲಂಕೇಶರ ‘ಮುಟ್ಟಿಸಿಕೊಂಡವನು’. ಹಳ್ಳಿಯ ಬಸಲಿಂಗ ಕಣ್ಣು ತೋರಿಸಲು ಪಟ್ಟಣದ ಆಸ್ಪತ್ರೆಗೆ ಬರುತ್ತಾನೆ. ಕಣ್ಣು ಮುಟ್ಟಿ ನೋಡಿದ ಡಾಕ್ಟರರ ಜಾತಿ ತಿಳಿದ ಮೇಲೆ ಅವನೊಳಗೆ ಏನಾಗುತ್ತದೆ ಎಂಬುದೇ ಕಥೆ. ಮುಂದಿನದನ್ನು ಹೇಳುವುದಿಲ್ಲ. 1994ರಲ್ಲಿ ಇದನ್ನು ಒಂಬತ್ತನೆಯ ತರಗತಿಗೆ ಓದಿದೆ. ಸೋಮವಾರ ಬೆಳಿಗ್ಗೆ ಒಬ್ಬ ಪಾಲಕರು ಬಂದು, “ನಮ್ಮ ಮಗ ಮನೆಯಲ್ಲಿ ಅಜ್ಜನ ಜೊತೆ ವಾದ ಮಾಡುತ್ತಿದ್ದಾನೆ, ಇದೆಂಥ ಪಾಠ?” ಎಂದು ಮುಖ್ಯಾಧ್ಯಾಪಕರ ಮುಂದೆ ಕುಳಿತರು. ಮೂವತ್ತೊಂದು ವರ್ಷದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು. ಈ ಕಥೆಯಲ್ಲಿ ಲಂಕೇಶರು ಬಸಲಿಂಗನನ್ನು ಕೆಟ್ಟವನನ್ನಾಗಿ ಮಾಡಿಲ್ಲ. ಅವನ ಭಯ ನಮಗೂ ಅರ್ಥವಾಗುತ್ತದೆ. ಅರ್ಥವಾಯಿತಲ್ಲ ಎಂದು ನಮಗೇ ನಾಚಿಕೆಯೂ ಆಗುತ್ತದೆ. ಓದಿ ಮುಗಿಸಿದ ಮೇಲೆ ಏನನ್ನೂ ವಿವರಿಸಬೇಡಿ. ಕಥೆ ಓದಿದವನು ಭಾಷಣ ಮಾಡಬಾರದು ಎಂಬುದನ್ನು ನಾನು ಹತ್ತು ವರ್ಷ ಕೆಟ್ಟು ಕಲಿತೆ.

ಅವ್ವನಿಗಾಗಿ ಕೊಡಗಿನ ಗೌರಮ್ಮ. 1912ರಲ್ಲಿ ಹುಟ್ಟಿದ ಈಕೆ 1939ರಲ್ಲಿ ಇಪ್ಪತ್ತೇಳರ ವಯಸ್ಸಿಗೆ ನೀರುಪಾಲಾದರು. ‘ಕಂಬನಿ’ ಸಂಕಲನ ಬಂದದ್ದು ಅವರು ಹೋದ ಮೇಲೆ. ಕಥೆಗಳೆಲ್ಲ ಪುಟ್ಟವು, ಕರೆಂಟ್ ಬೇಗ ಬರುವ ದಿನಕ್ಕೆ ಸರಿ. ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ಯನ್ನೂ ಓದಬಹುದು. ದೀಪಾ ಭಾಸ್ತಿಯವರ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಎಲ್ಲರ ಬಾಯಲ್ಲೂ ಅದೇ ಹೆಸರಿದೆ. ಆದರೆ ಗಂಡ ಕೈಬಿಟ್ಟು, ತವರಿನವರೂ ತಿರುಗಿ ಕಳಿಸಿದ ಹೆಂಗಸು ಸೀಮೆಎಣ್ಣೆ ಸುರಿದುಕೊಳ್ಳುವ ಕೊನೆಯ ಭಾಗವನ್ನು ಗಟ್ಟಿಯಾಗಿ ಓದುವುದು ಸುಲಭವಲ್ಲ. ನಿಮ್ಮ ಓಣಿಯಲ್ಲಿ ಅಂಥದ್ದೊಂದು ನಡೆದಿದ್ದರೆ ಬಿಟ್ಟುಬಿಡಿ.

ಸಂಕೇಶ್ವರದಿಂದ:

ತೇಜಸ್ವಿಯವರದೇ ‘ಅಬಚೂರಿನ ಪೋಸ್ಟಾಫೀಸು’. ಬೋಬಣ್ಣನ ಬಗ್ಗೆ ಹೆಚ್ಚು ಹೇಳುವುದು ಪಾಪ. ಓದಿ.

ನೈಟ್ ಹಾಲ್ಟ್ ಕಂಡಕ್ಟರ್:

ಅಣ್ಣಾ, ನಾನು ವಿಜಯಪುರ ಜಿಲ್ಲೆಯವನು, ಬಸ್ ಕಂಡಕ್ಟರ್. ವಾರದಲ್ಲಿ ಮೂರು ರಾತ್ರಿ ಭೀಮಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ಬಸ್ಸಿನಲ್ಲೇ ಮಲಗುತ್ತೇವೆ. ಡ್ರೈವರ್ ಅಣ್ಣನವರು ಊಟವಾದ ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುತ್ತಾರೆ. ನಾನು ಕೊನೆಯ ಉದ್ದ ಸೀಟಿನಲ್ಲಿ ಮೊಬೈಲಿನ ಬೆಳಕು ಹಿಡಿದು ಓದುತ್ತೇನೆ. ಟಿಕೆಟ್ ಪೆಟ್ಟಿಗೆಯಲ್ಲಿ ಎಸ್. ದಿವಾಕರ್ ಸಂಪಾದಿಸಿದ ‘ಶತಮಾನದ ಸಣ್ಣಕಥೆಗಳು’ ಸದಾ ಇರುತ್ತದೆ. ಇಟ್ಟಿಗೆಯಷ್ಟು ಭಾರ. ಒಮ್ಮೆ ತಪಾಸಣೆಗೆ ಹತ್ತಿದ ಸಾಹೇಬರು ಪೆಟ್ಟಿಗೆ ಎತ್ತಿ ನೋಡಿ ಇದರೊಳಗೆ ಏನಿದೆ ಎಂದು ಅನುಮಾನಪಟ್ಟಿದ್ದರು.

ಎಲ್ಲ ಒಳ್ಳೆಯ ಕಥೆಯನ್ನೂ ಕಿವಿಗೆ ಹಾಕಲು ಬರುವುದಿಲ್ಲ ಎಂದು ಮೊದಲು ಹೇಳಿಬಿಡುತ್ತೇನೆ. ನನಗೆ ರಾಘವೇಂದ್ರ ಖಾಸನೀಸರೆಂದರೆ ಪ್ರಾಣ. ನಮ್ಮ ಇಂಡಿಯಲ್ಲಿ 1933ರಲ್ಲಿ ಹುಟ್ಟಿದವರು, ಗ್ರಂಥಪಾಲಕರಾಗಿದ್ದರು, ಬರೆದದ್ದು ಬಹಳ ಕಡಿಮೆ. ಇಂಡಿ ಬಸ್ ನಿಲ್ದಾಣದಲ್ಲಿ ನಿಂತು ಹತ್ತು ಜನರಿಗೆ ಅವರ ಹೆಸರು ಹೇಳಿದ್ದೇನೆ. ಒಂಬತ್ತು ಜನ ಯಾವ ಓಣಿಯವರು ಎಂದು ಕೇಳಿದರು, ಹತ್ತನೆಯವರು ಇಂಡಿಗೆ ವರ್ಗವಾಗಿ ಬಂದ ಧಾರವಾಡದ ಮೇಷ್ಟ್ರು. ಖಾಸನೀಸರ ‘ತಬ್ಬಲಿಗಳು’ ಕಥೆಯಲ್ಲಿ ಒಂದೇ ಮನೆಯ ಮಂದಿ ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ಇದ್ದುಕೊಂಡೇ ತಬ್ಬಲಿಗಳು. ಅದನ್ನು ಮೊದಲ ಸಲ ಓದಿದ ರಾತ್ರಿ ಬಸ್ಸಿನಿಂದ ಇಳಿದು ನದಿಯವರೆಗೆ ನಡೆದು ಬಂದೆ. ಆದರೆ ಅದನ್ನು ನಾಲ್ವರ ನಡುವೆ ಓದಬೇಡಿ. ಅದನ್ನು ಒಬ್ಬರೇ ಓದಬೇಕು, ಸಾಧ್ಯವಾದರೆ ಬೇರೆ ಊರಿನಲ್ಲಿದ್ದಾಗ.

ಶೆಡ್ಡಿಗೆ ಜಯಂತ ಕಾಯ್ಕಿಣಿಯವರ ‘ದಗಡೂ ಪರಬನ ಅಶ್ವಮೇಧ’ ತೆಗೆದುಕೊಳ್ಳಿ. ಮುಂಬಯಿಯಲ್ಲಿ ಮದುವೆಯ ಮೆರವಣಿಗೆ, ಮದುಮಗ ಕುದುರೆಯ ಮೇಲೆ. ಕುದುರೆ ಬೆದರಿ ಅವನನ್ನು ಹೊತ್ತುಕೊಂಡೇ ಓಡಿಬಿಡುತ್ತದೆ. ನಮ್ಮ ಕಡೆಯೂ ಕುದುರೆಯ ಮೇಲೆ ಮೆರವಣಿಗೆ ಮಾಡುತ್ತಾರಲ್ಲ, ಯಾರಿಗೂ ವಿವರಣೆ ಬೇಕಾಗದು. ಮೊದಲ ಪುಟದಿಂದ ನಗಿಸುತ್ತದೆ. ಆಮೇಲೆ ನಗು ಎಲ್ಲಿ ನಿಂತಿತೆಂದು ನಮಗೇ ತಿಳಿಯುವುದಿಲ್ಲ.

ಆನಂದಕಂದರ ‘ನಾನು ಕೊಂದ ಹುಡುಗಿ’ಯೂ ಇರಲಿ. ನಮ್ಮ ಗೋಕಾಕ ಸೀಮೆಯವರು. ಹತ್ತು ನಿಮಿಷದ ಪವರ್ ಕಟ್ಟಿಗೆ ದಿವಾಕರ್ ಅವರದೇ ‘ಜಗತ್ತಿನ ಅತಿ ಸಣ್ಣ ಕತೆಗಳು’ ಇದೆ, ಕೆಲವು ಕಥೆ ಚಹಾ ಆರುವುದರೊಳಗೆ ಮುಗಿಯುತ್ತವೆ.

ಟಿಳಕವಾಡಿ ಅಕ್ಕಾವರು:

ಕಂಡಕ್ಟರ್ ತಮ್ಮಾ, ಒಂದು ತಿದ್ದುಪಡಿ. ಈ ತಪ್ಪನ್ನು ನನ್ನ ಸಹೋದ್ಯೋಗಿಗಳೂ ಮಾಡುತ್ತಿದ್ದರು. ‘ನಾನು ಕೊಂದ ಹುಡುಗಿ’ ಬರೆದವರು ‘ಆನಂದ’, ಅಂದರೆ ಅಜ್ಜಂಪುರ ಸೀತಾರಾಂ. ‘ಆನಂದಕಂದ’ ಎಂದರೆ ಗೋಕಾಕ ತಾಲ್ಲೂಕಿನ ಬೆಟಗೇರಿ ಕೃಷ್ಣಶರ್ಮರು, ‘ಜಯಂತಿ’ ಪತ್ರಿಕೆ ನಡೆಸಿದವರು, ‘ನಲ್ವಾಡುಗಳು’ ಬರೆದವರು. ಕೃಷ್ಣಶರ್ಮರೂ ಕಥೆ ಬರೆದಿದ್ದಾರೆ, ‘ಸಂಸಾರಚಿತ್ರ’ ಸಿಕ್ಕರೆ ಬಿಡಬೇಡಿ. ಗೋಕಾಕ ತಾಲ್ಲೂಕಿನದೇ ಇನ್ನೊಂದು ಹೆಸರು ಮಲಾಮರಡಿಯ ಬಸವರಾಜ ಕಟ್ಟೀಮನಿ. ಕಾದಂಬರಿಕಾರರೆಂದು ಎಲ್ಲರಿಗೂ ಗೊತ್ತು, ‘ಜೋಳದ ಬೆಳೆಯ ನಡುವೆ’ ಎಂಬ ಕಥಾಸಂಕಲನವನ್ನು ಮಾತ್ರ ಎಲ್ಲರೂ ಮರೆತಿದ್ದಾರೆ.

ಅಥಣಿ ಓದುಗ:

ಇಷ್ಟೆಲ್ಲ ತೊಂದರೆ ಯಾಕೆ? ಕಥೆಗಳನ್ನು ಚೆನ್ನಾಗಿ ಓದಿದ ಧ್ವನಿಮುದ್ರಣಗಳು ಫೋನಿನಲ್ಲಿ ಬೇಕಾದಷ್ಟು ಸಿಗುತ್ತವೆ. ಹಚ್ಚಿಟ್ಟರೆ ಆಯಿತು.

ಬನಹಟ್ಟಿ ಮಗ್ಗದವನು:

ಹಚ್ಚಿ ನೋಡಿದೆವು. ನಡುವೆ ಅವ್ವ, “ನಿಲ್ಲು, ಆ ಮುದುಕ ಯಾರ ಮಾವ?” ಎಂದರು. ಫೋನ್ ನಿಲ್ಲಲಿಲ್ಲ. ಹಿಂದಕ್ಕೆ ಸರಿಸುವಷ್ಟರಲ್ಲಿ ಮುತ್ಯಾ ಬೀಡಿ ಸೇದಲು ಹೊರಗೆ ಹೋಗಿದ್ದರು.

ಸಂಕೇಶ್ವರದವರೇ, ಬೋಬಣ್ಣನ ಕಥೆಯನ್ನು ಈ ಸಲ ಮೊದಲೇ ಓದಿ ನೋಡಿದೆ. ಆ ಲಕೋಟೆಯೊಳಗಿಂದ ಚಿತ್ರ ಹೊರಬರುವ ಜಾಗಕ್ಕೆ ಬಂದಾಗ ಕ್ಲಿಪ್ ಜಾಯಿಂಟ್ ನೆನಪಾಯಿತು. ಅವ್ವ ಬರದ ದಿನಕ್ಕೆ ತೆಗೆದಿಟ್ಟಿದ್ದೇನೆ.

ಕಬ್ಬಿನ ಕಾಟಾ ಗುಮಾಸ್ತ:

ರಾಯಬಾಗ ತಾಲ್ಲೂಕಿನವನು. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ತೂಕ ಬರೆದುಕೊಳ್ಳುತ್ತೇನೆ. ಕಬ್ಬು ನುರಿಸುವ ತಿಂಗಳುಗಳಲ್ಲಿ ರಾತ್ರಿ ಪಾಳಿ. ಟ್ರ್ಯಾಕ್ಟರ್ ಟ್ರ್ಯಾಕ್ಟರ್ ನಡುವೆ ಓದು. ‘ನಾನು ಕೊಂದ ಹುಡುಗಿ’ಯ ಹೆಸರು ಬಂದದ್ದರಿಂದ ಬರೆ ಬರೆ ಎಂದು ಕೈ ತುರಿಸಿತು.

ಕಥೆ ನಿಮಗೆಲ್ಲ ಗೊತ್ತು. ಪಟ್ಟಣದ ವಿದ್ಯಾವಂತನೊಬ್ಬ ಹಳ್ಳಿಗೆ ಹೋಗಿ ಒಂದು ದೊಡ್ಡ ಮನೆಯಲ್ಲಿ ಇಳಿದುಕೊಳ್ಳುತ್ತಾನೆ. ಆ ಮನೆಯ ಹುಡುಗಿಯನ್ನು ಬಸವಿ ಬಿಟ್ಟಿದ್ದಾರೆ, ಅಂದರೆ ಮದುವೆ ಮಾಡದೆ ದೇವರ ಹೆಸರಿಗೆ ಬಿಟ್ಟಿದ್ದಾರೆ. ರಾತ್ರಿ ಅವಳು ಅವನ ಕೋಣೆಗೆ ಬರುತ್ತಾಳೆ. ಅವನು ಅವಳಿಗೆ ಇದು ತಪ್ಪು ಎಂದು ತಿಳಿಹೇಳುತ್ತಾನೆ. ಆಮೇಲೇನಾಯಿತು ಎಂಬುದನ್ನು ಕಥೆಯ ಹೆಸರೇ ಹೇಳುತ್ತದೆ, ಗುಟ್ಟೇನೂ ಇಲ್ಲ.

ನನ್ನ ಆಯಿಗೆ, ಅಂದರೆ ಅವ್ವನ ಅವ್ವನಿಗೆ, ಏಳು ವರ್ಷವಿದ್ದಾಗ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿದರು. ಅದನ್ನು ನಿಷೇಧಿಸಿದ ಕರ್ನಾಟಕದ ಕಾಯ್ದೆ 1982ರದು. ಆಯಿಯ ಪಾಲಿಗೆ ಅದು ಬಹಳ ತಡವಾಗಿ ಬಂತು. ಆಯಿ ಮೂವರನ್ನು ಹೆತ್ತಳು, ಆಡು ಸಾಕಿದಳು, ಕಬ್ಬು ಕಡಿದಳು, ನನ್ನ ಅವ್ವನಿಗೆ ಮುತ್ತು ಕಟ್ಟಲು ಬಂದವರನ್ನು ಕುಡಗೋಲು ಹಿಡಿದು ಓಡಿಸಿದಳು. 1993-94ರ ಸಮೀಕ್ಷೆಯವರು ಬಂದಾಗ ಪಟ್ಟಿಯಲ್ಲಿ ಹೆಸರು ಬರೆಸಿದಳು, ಮಾಸಾಶನ ಬಂತು. ನಾನು ಬಿ.ಎ. ಓದುವಾಗ ಈ ಕಥೆ ಸಿಕ್ಕಿತು. ಓದಿ ಅತ್ತೆ. ಅತ್ತ ಮೇಲೆ ಸಿಟ್ಟು ಬಂತು. ಅವಳಿಗೆ ಬದುಕಲು ಬಿಡದೆ ಸಾಯಿಸಿದ್ದು ಯಾಕೆ? ಬದುಕಿದ ಹೆಂಗಸು ಕಥೆಗೆ ಒಗ್ಗುವುದಿಲ್ಲವೇ? ನಮ್ಮ ತಾಲ್ಲೂಕಿನಲ್ಲಿ ಅವಳ ಹಾಗೆ ಇದ್ದವರು ಬಾವಿಗೆ ಬೀಳಲಿಲ್ಲ. ಆ ಬಾವಿಯಿಂದ ನೀರು ಸೇದಿ ಮಕ್ಕಳನ್ನು ಸಾಕಿದರು.

ಆದರೂ ಈ ಕಥೆಯನ್ನು ಪಟ್ಟಿಯಿಂದ ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಕಾರಣ ‘ಕೊಂದ’ ಎಂಬ ಆ ಒಂದು ಪದ. ಹುಡುಗಿಯನ್ನು ಮುಟ್ಟದೆ, ಒಳ್ಳೆಯ ಮಾತನ್ನೇ ಹೇಳಿದ ಮನುಷ್ಯ ಕೊನೆಗೆ ನಾನೇ ಕೊಂದೆ ಎನ್ನುತ್ತಾನೆ. ನಮ್ಮ ಊರಿಗೆ ಉಪದೇಶ ಮಾಡಲು ಬಂದ ಎಷ್ಟೋ ಮಂದಿಯ ಬಾಯಲ್ಲಿ ಆ ಪದ ನಾನು ಕೇಳಿಲ್ಲ.

ಒಂದು ದೀಪಾವಳಿಯಲ್ಲಿ ಇದನ್ನು ಆಯಿಗೆ ಓದಿ ಹೇಳಿದೆ. ಸಾಕಷ್ಟು ಹೊತ್ತು ಎಲೆ ಅಡಿಕೆ ಅಗಿಯುತ್ತ ಕುಳಿತಿದ್ದಳು. ಆಮೇಲೆ, “ಅವನು ಹೇಳಿದ್ದು ಖರೆಯೇ. ಆದರೆ ನಾಳೆಯಿಂದ ಏನು ಮಾಡು, ಎಲ್ಲಿ ಹೋಗು ಎಂದು ಹೇಳಿದನೇ?” ಎಂದಳು. ನಾನು ಪುಸ್ತಕ ತಿರುವಿ ನೋಡಿ, ಇಲ್ಲ ಎಂದೆ. “ಹಾಗಾದರೆ ಅರ್ಧ ಮಾತು ಹೇಳಿದ್ದಾನೆ” ಎಂದು ಎದ್ದು ಹೋದಳು. ಆಯಿ ತೀರಿಕೊಂಡು ನಾಲ್ಕು ವರ್ಷವಾಯಿತು. ಈ ಕಥೆಯ ಬಗ್ಗೆ ಇದಕ್ಕಿಂತ ಚೆನ್ನಾದ ವಿಮರ್ಶೆಯನ್ನು ನಾನು ಎಲ್ಲಿಯೂ ಓದಿಲ್ಲ.

ಮಗ್ಗದ ಕಾಕಾ, ನೀವು ಇದನ್ನು ಓದಿ. ನಿಮ್ಮ ಕಂಡಿಕೆಯ ಅವ್ವ ಏನು ಹೇಳುತ್ತಾರೆ ಎಂದು ನನಗೆ ತಿಳಿಸಿ. ಇದರ ಪಕ್ಕದಲ್ಲಿ ಓದಲು ದೇವನೂರ ಮಹಾದೇವರ ‘ಅಮಾಸ’ ಇಟ್ಟುಕೊಳ್ಳಿ. ಮಾರಿಗುಡಿಯಲ್ಲಿ ಮುದುಕ ಕುರಿಯಯ್ಯನ ಜೊತೆ ಬೆಳೆಯುವ ಅನಾಥ ಹುಡುಗ ಮಾರಿಹಬ್ಬದಲ್ಲಿ ಹುಲಿವೇಷ ಕುಣಿಯುತ್ತಾನೆ. ಅಲ್ಲಿಯೂ ಬಡತನವಿದೆ, ಆದರೆ ಹೊರಗಿನಿಂದ ಬಂದು ಮರುಗುವವರು ಯಾರೂ ಇಲ್ಲ.

ನೈಟ್ ಹಾಲ್ಟ್ ಕಂಡಕ್ಟರ್:

ಅಕ್ಕಾವರೇ, ತಪ್ಪಾಯಿತು. ಪುಸ್ತಕದ ಮೇಲೆ ಹೆಸರು ಸರಿಯಾಗಿಯೇ ಇದೆ, ಊರಿನ ಅಭಿಮಾನ ಕಣ್ಣಿಗೆ ಅಡ್ಡ ಬಂತು. ಗುಮಾಸ್ತ ಅಣ್ಣಾ, ನಿಮ್ಮ ಆಯಿಯ ಮಾತನ್ನು ಟ್ರಿಪ್ ಶೀಟಿನ ಹಿಂದೆ ಬರೆದುಕೊಂಡಿದ್ದೇನೆ.

ಬನಹಟ್ಟಿ ಮಗ್ಗದವನು:

ಹದಿನೈದು ದಿನವಾಯಿತು, ವರದಿ ಒಪ್ಪಿಸುತ್ತೇನೆ.

‘ರಂಗನ ಮದುವೆ’ಗೆ ಎಲ್ಲರೂ ನಕ್ಕರು. ಹುಡುಗ ಅದನ್ನು ಕೇಳಿ, ತನ್ನ ಮದುವೆಗೂ ಅಂಥ ಒಬ್ಬ ಶಾಸ್ತ್ರಿಗಳನ್ನು ಗೊತ್ತು ಮಾಡಿಕೊಡಿ ಎಂದ. ಮೊದಲು ಇಂಗ್ಲಿಷ್ ಪಾಸಾಗು ಎಂದರು ಮುತ್ಯಾ.

‘ದಗಡೂ ಪರಬ’ನ ದಿನ ಐವತ್ತು ನಿಮಿಷ ಕರೆಂಟ್ ಇರಲಿಲ್ಲ, ಲೆಕ್ಕ ಹಾಕಿ ಕೊಟ್ಟಂತಿತ್ತು. ಮುತ್ಯಾ ಉದ್ದಕ್ಕೂ ಕುದುರೆಯ ಪರ. “ಅದಕ್ಕೇನು ಗೊತ್ತು ಲಗ್ನ? ಬ್ಯಾಂಡಿನವರು ಕಿವಿಯ ಹತ್ತಿರ ಊದಿದರೆ ಓಡದೆ ಏನು ಮಾಡುತ್ತದೆ?” ಎನ್ನುತ್ತಿದ್ದರು. ಹುಡುಗ ಮಾತ್ರ ಕಥೆ ಮುಗಿದ ಮೇಲೆ ಸುಮ್ಮನೆ ಕುಳಿತಿದ್ದ. ಸಂಜೆ ಹೋಗುವಾಗ, “ಕಾಕಾ, ಆ ಪುಸ್ತಕ ಒಂದು ರಾತ್ರಿ ಕೊಡುತ್ತೀರಾ?” ಎಂದು ಕೇಳಿದ. ಪುಸ್ತಕ ಇನ್ನೂ ವಾಪಸು ಬಂದಿಲ್ಲ, ನಾನೂ ಕೇಳಿಲ್ಲ.

‘ಮುಟ್ಟಿಸಿಕೊಂಡವನು’ ಓದಿದ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮುತ್ಯಾಗೆ ಹೋದ ವರ್ಷ ಒಂದು ಕಣ್ಣಿನ ಪೊರೆ ತೆಗೆದಿದ್ದಾರೆ. ಓದುತ್ತಿದ್ದಂತೆ ಅವರ ಕೈ ಆ ಕಣ್ಣಿನ ಕಡೆ ಹೋಗುತ್ತಿತ್ತು. ಅಕ್ಕಾವರು ಹೇಳಿದಂತೆ ನಾನು ಏನನ್ನೂ ವಿವರಿಸಲಿಲ್ಲ. ಅವರೂ ಏನನ್ನೂ ಕೇಳಲಿಲ್ಲ. ಆ ದಿನ “ಮುಂದೆ?” ಎನ್ನಲಿಲ್ಲ.

ಗುಮಾಸ್ತ ತಮ್ಮಾ, ನೀನು ಕೇಳಿದ್ದಕ್ಕೆ ಉತ್ತರ. ‘ನಾನು ಕೊಂದ ಹುಡುಗಿ’ಯನ್ನು ಗುರುವಾರ ಶುರು ಮಾಡಿದೆ. ರಾತ್ರಿ ಹುಡುಗಿ ಅವನ ಕೋಣೆಗೆ ಬಂದಳು, ಅವನು ಮಾತು ತೆಗೆದ, ಅಷ್ಟರಲ್ಲಿ ಕರೆಂಟ್ ಬಂತು. ಬಂದ ಕೂಡಲೇ ಎಲ್ಲರೂ ಎದ್ದರು. ಯಾರನ್ನೂ ಬೈಯುವಂತಿಲ್ಲ, ಸೀರೆಯ ಲೆಕ್ಕದ ಕೂಲಿ. ಮರುದಿನ ಮಧ್ಯಾಹ್ನ ಮತ್ತೆ ಕರೆಂಟ್ ಹೋದಾಗ ಪುಸ್ತಕ ತೆರೆದೆ. ಅವ್ವ ಕಂಡಿಕೆಯ ಬುಟ್ಟಿಯನ್ನು ಆಚೆ ಸರಿಸಿ, “ಅದನ್ನು ಅಲ್ಲಿಗೇ ಬಿಡು” ಎಂದರು. ಯಾಕೆ ಎಂದೆ. “ಹೆಸರಿನಲ್ಲೇ ಇದೆಯಲ್ಲ ಮುಂದಿನದು. ನೀನು ಓದದಿದ್ದರೆ ಆ ಹುಡುಗಿ ಇನ್ನೂ ಇರುತ್ತಾಳೆ.” ಮುತ್ಯಾಗೆ ಒಪ್ಪಿಗೆಯಾಗಲಿಲ್ಲ, ಕಥೆಯನ್ನು ಅರ್ಧಕ್ಕೆ ಬಿಡುವುದು ಅಶುಭ ಎಂದು ಗೊಣಗಿದರು. ಅವ್ವನ ಮಾತೇ ನಡೆಯಿತು. ಆ ಪುಟದಲ್ಲಿ ಗುರುತಿಗೆ ಒಂದೆಳೆ ಕೆಂಪು ನೂಲು ಇಟ್ಟಿದ್ದೇನೆ. ನಿನ್ನ ಆಯಿಯ ಪ್ರಶ್ನೆಯನ್ನೂ ಅವ್ವನಿಗೆ ಹೇಳಿದೆ. “ಆಕೆ ಇದ್ದಿದ್ದರೆ ನಮ್ಮಲ್ಲಿಗೆ ಕರೆಸುತ್ತಿದ್ದೆ” ಎಂದರು.

ಈಗ ಒಂದು ಅವಸರದ ಪ್ರಶ್ನೆ. ಬರುವ ಮಂಗಳವಾರ ಲೈನ್ ದುರಸ್ತಿಯಿದೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕರೆಂಟ್ ಇರುವುದಿಲ್ಲ ಎಂದು ಪತ್ರಿಕೆಯಲ್ಲಿ ಬಂದಿದೆ. ಪೂರ್ತಿ ಏಳು ಗಂಟೆ. ಊಟಕ್ಕೆ ಒಂದು ಗಂಟೆ ಬಿಟ್ಟರೂ ಆರು ಉಳಿಯುತ್ತದೆ. ದೇವನೂರರ ‘ಒಡಲಾಳ’ವನ್ನು ಒಂದೇ ದಿನಕ್ಕೆ ಮುಗಿಸಬಹುದೇ? ಸಾಕವ್ವನ ಹುಂಜ ಕಳೆದುಹೋಗುವ ಕಥೆ ಎಂದಷ್ಟೇ ಹೇಳಿ ಬಿಟ್ಟಿದ್ದೇನೆ. ಅವ್ವ ಈಗಾಗಲೇ ಪಕ್ಕದ ಮನೆಯವರ ಮೇಲೆ ಅನುಮಾನಪಡುತ್ತಿದ್ದಾರೆ. ಮೈಸೂರು ಕಡೆಯ ಆಡುಮಾತು ನನ್ನ ನಾಲಿಗೆಗೆ ಹೊರಳುವುದೋ ಇಲ್ಲವೋ, ಯಾರಾದರೂ ಗಟ್ಟಿಯಾಗಿ ಓದಿ ನೋಡಿದವರಿದ್ದರೆ ಸೋಮವಾರ ರಾತ್ರಿಯೊಳಗೆ ತಿಳಿಸಿ.